ಯಶೋದ ತಡವಾಗಿ ತಿಳಿದುಕೊಂಡದ್ದು

ಅಜ್ಜೀಪುರದ ಯಶೋದ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ವಯಸ್ಸು ಮೂವತ್ತನಾಲ್ಕು, ಇಬ್ಬರು ಹೆಣ್ಣುಮಕ್ಕಳ ತಾಯಿ. ಆದರೂ ಮುಟ್ಟು ಏಕೆ ಆಗುತ್ತದೆಂದು ಹೋದ ವರ್ಷದವರೆಗೂ ಅವಳಿಗೆ ಯಾರೂ ಹೇಳಿರಲಿಲ್ಲ.

ತವರು ಗೋಪಿನಾಥಂನಲ್ಲಿ ಅವಳು ಮೈನೆರೆಯುವ ಹೊತ್ತಿಗೆ ತಾಯಿ ತೀರಿಕೊಂಡಿದ್ದಳು. ಲಂಗದ ಮೇಲೆ ರಕ್ತ ಕಂಡ ಹುಡುಗಿ, ದೇವರಿಗೆಂದು ತೆಗೆದಿಟ್ಟ ಬಾಳೆಹಣ್ಣನ್ನು ಹಿಂದಿನ ದಿನ ಕದ್ದು ತಿಂದದ್ದಕ್ಕೆ ದೇವರು ಮಾದಪ್ಪ ಕೊಟ್ಟ ಶಿಕ್ಷೆ ಇದು ಎಂದುಕೊಂಡಳು. ಎರಡು ದಿನ ಹೊಳೆಯಲ್ಲಿ ಬಟ್ಟೆ ಒಗೆದು ಒದ್ದೆಯಲ್ಲೇ ಉಟ್ಟಳು. ಮೂರನೆಯ ದಿನ ದೊಡ್ಡಮ್ಮನ ಕಣ್ಣಿಗೆ ಬಿತ್ತು. ದೊಡ್ಡಮ್ಮ ಏನೂ ವಿವರಿಸದೆ ಹಸಿಸೊಪ್ಪಿನ ಗುಡಿಸಲು ಹಾಕಿಸಿ ಕೂರಿಸಿದಳು. ಓದು ಅಲ್ಲಿಗೇ ನಿಂತಿತು. ಬಾಳೆಹಣ್ಣಿನ ವಿಷಯ ಯಶೋದ ಯಾರ ಮುಂದೆಯೂ ಬಾಯಿಬಿಡಲಿಲ್ಲ.

ಹೋದ ಶ್ರಾವಣದಲ್ಲಿ ಅವಳು ಶಾಲೆಯ ಅಡುಗೆಕೋಣೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ, ಏಳನೆಯ ತರಗತಿಯ ಹಿರಿಮಗಳು ಸುನಿತಾ ಬಂದು ಬಾಗಿಲ ಹಿಂದೆ ನಿಂತಳು.

"ಅವ್ವ, ಒಳಗೆಲ್ಲೋ ಕುಯ್ದೋಗದೆ. ನಾ ಸತ್ತೋಯ್ತೀನಾ?"

ಯಶೋದ ಸೌಟು ಕೆಳಗಿಟ್ಟಳು. ಯಾರಿಗೂ ಹೇಳಬೇಡವೆಂದಷ್ಟೇ ಹೇಳಿ, ತನ್ನ ಸೆರಗಿನ ಮರೆಯಲ್ಲಿ ಮಗಳನ್ನು ಮನೆಗೆ ಕರೆದೊಯ್ದಳು. ಅತ್ತೆ ಪುಟ್ಟಮಾದಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಚಾಪೆ ಹಾಸಿ, ಬೇರೆ ತಟ್ಟೆ ಲೋಟ ಇಟ್ಟು, ಹನ್ನೊಂದು ದಿನ ಅಲ್ಲೇ ಎಂದಳು.

ಅದೇ ವಾರ ಕೊಳ್ಳೇಗಾಲದಲ್ಲಿ ಖೋ ಖೋ ಪಂದ್ಯವಿತ್ತು. ಶಾಲೆಯ ತಂಡದಲ್ಲಿ ಎಲ್ಲರಿಗಿಂತ ಚುರುಕಾಗಿ ಓಡುವವಳು ಸುನಿತಾ. ನಾಲ್ಕನೆಯ ದಿನ ಅವಳನ್ನು ಪಂದ್ಯಕ್ಕೆ ಕರೆದೊಯ್ಯಲು ಮೇಷ್ಟ್ರ ಜೀಪು ಮನೆ ಮುಂದೆ ನಿಂತಿತು. ಹುಡುಗಿಗೆ ಜ್ವರ ಎಂದು ಪುಟ್ಟಮಾದಮ್ಮ ಮೇಷ್ಟ್ರಿಗೆ ಹೇಳಿದಳು. ಪಕ್ಕದಲ್ಲಿದ್ದ ಯಶೋದ ತಲೆ ತಗ್ಗಿಸಿದಳು. ಜೀಪು ಹೊರಟಮೇಲೆ ಕೊಟ್ಟಿಗೆಗೆ ಹೋಗಿ ನೋಡಿದರೆ, ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ತಿಂಗಳಾದ ಮೇಲೆ ನರ್ಸ್ ಮಹಾಲಕ್ಷ್ಮಮ್ಮ ಶಾಲೆಗೆ ಕಬ್ಬಿಣಾಂಶದ ಮಾತ್ರೆ ಕೊಡಲು ಬಂದರು. ಮುಟ್ಟು ಏಕೆ ಆಗುತ್ತದೆಂದು ಯಶೋದ ಧೈರ್ಯ ಮಾಡಿ ಕೇಳಿದಳು. ಅವರು ಮಾತ್ರೆಯ ಡಬ್ಬಿಯ ಮೇಲೆ ಗರ್ಭಕೋಶದ ಚಿತ್ರ ಗೀಚಿ, ಮಗು ನಿಲ್ಲಲೆಂದು ಅದರೊಳಗೆ ತಿಂಗಳಿಗೊಮ್ಮೆ ಮೆತ್ತನೆಯ ಪದರ ಬೆಳೆಯುತ್ತದೆ, ಮಗು ನಿಲ್ಲದಿದ್ದರೆ ಅದೇ ರಕ್ತದೊಂದಿಗೆ ಹೊರಗೆ ಹೋಗುತ್ತದೆ, ಇದು ಕಾಯಿಲೆಯೂ ಅಲ್ಲ ಕೊಳಕೂ ಅಲ್ಲ ಎಂದು ಬಿಡಿಸಿ ಹೇಳಿದರು.

"ಅಂಗಾರೆ ತಪ್ಪು ಮಾಡ್ದೋರ್ಗೇ ಆಗಾದು ಅಂತೇನಿಲ್ವಾ ಇದು?"

ಮಹಾಲಕ್ಷ್ಮಮ್ಮ ನಗಲು ಹೋಗಿ, ಅವಳ ಮುಖ ಕಂಡು ತಡೆದುಕೊಂಡರು. ಹಾಗೆಂದವರು ಯಾರು ಎಂದು ಕೇಳಿದರು. ಯಾರೂ ಅಂದಿರಲಿಲ್ಲ. ಇಪ್ಪತ್ತೊಂದು ವರ್ಷ ಆ ಬಾಳೆಹಣ್ಣಿನ ತಪ್ಪನ್ನು ಅವಳೇ ಹೊತ್ತು ತಿರುಗಿದ್ದಳು.

ಅಂದು ಸಂಜೆ ಯಶೋದ ಸುನಿತಾಳನ್ನೂ ಒಂಬತ್ತು ವರ್ಷದ ಕಿರಿಮಗಳನ್ನೂ ಕೂರಿಸಿಕೊಂಡು ಕೇಳಿದ್ದನ್ನೆಲ್ಲ ಹೇಳಿದಳು. ತನಗೇ ಗೊತ್ತಿರಲಿಲ್ಲವೆಂದೂ ಒಪ್ಪಿಕೊಂಡಳು. ಸುನಿತಾ ಕೊನೆಯವರೆಗೂ ಕೇಳಿಸಿಕೊಂಡಳು.

"ಜೀಪ್ ಬಂದಾಗ ನಂಗೆ ಜ್ವರ ಇಲ್ಲ ಅನ್ನಾದು ನಿಂಗೆ ಗೊತ್ತಿತ್ತಲ್ಲವ್ವ" ಎಂದಳು.



ಮುಂದಿನ ತಿಂಗಳು ಸುನಿತಾ ಮುಟ್ಟಾದಾಗ ಯಶೋದ ಮೊದಲ ಸಲ ಅತ್ತೆಗೆ ಎದುರಾಡಿ, ಮಗಳು ಮನೆಯೊಳಗೇ ಮಲಗುತ್ತಾಳೆಂದು ಪಟ್ಟು ಹಿಡಿದಳು. ಪುಟ್ಟಮಾದಮ್ಮ ಗೊಣಗಿ ಸುಮ್ಮನಾದಳು. ಆದರೆ ಸುನಿತಾ ಆಗಲೇ ಚಾಪೆ ಎತ್ತಿಕೊಂಡು ಕೊಟ್ಟಿಗೆಗೆ ಹೊರಟಿದ್ದಳು. ಬಾ ಎಂದು ತಾಯಿ ಕೈಹಿಡಿದರೆ, "ಇರ್ಲಿ ಬುಡವ್ವ" ಎಂದು ಮೆಲ್ಲನೆ ಬಿಡಿಸಿಕೊಂಡಳು. ಈ ವರ್ಷ ಖೋ ಖೋಗೆ ಅವಳು ಹೆಸರು ಕೊಟ್ಟಿಲ್ಲ.