ಚಹಾ ಆರುವವರೆಗೆ

ಚಹಾದ ಕೆನೆ ಮೇಡಮ್ ಅವರ ಮೇಲ್ತುಟಿಗೆ ಅಂಟಿದ್ದು ಒಂದೇ ಒಂದು ಸಲವೋ ಏನೋ, ನಾನೇ ಅದನ್ನು ನಾವು ಹೋದ ಮನೆಗಳಿಗೆಲ್ಲ ಹಂಚಿಬಿಟ್ಟಿದ್ದೇನೆ. ಸ್ಟೀಲು ಲೋಟವನ್ನು ಎಡಗೈಯಲ್ಲಿ ಹಿಡಿದು ಕೂರುತ್ತಿದ್ದರು. ಎದುರಿನವರ ಮಾತು ಮುಗಿಯುವವರೆಗೆ ಕುಡಿಯುತ್ತಿರಲಿಲ್ಲ. ಅಷ್ಟರಲ್ಲಿ ಚಹಾ ಆರಿ ಕೆನೆ ಕಟ್ಟುತ್ತಿತ್ತು. ಕೊನೆಗೆ ಒಂದೇ ಉಸಿರಿಗೆ ಎತ್ತಿ ಕುಡಿದಾಗ ಆ ಕೆನೆಯ ಚೂರು ತುಟಿಯ ಮೇಲೆ ಉಳಿಯುತ್ತಿತ್ತು. ಒರೆಸಿಕೊಳ್ಳಿ ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಇದೊಂದರಲ್ಲಿ ನನಗೆ ಸಂಶಯವಿಲ್ಲ.

ಮೇಡಮ್ ಮಣಿಪಾಲದಲ್ಲಿ ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಆಗಿದ್ದರು. ಒಂದೇ ಕುಟುಂಬದವರು ನಡೆಸುವ ವ್ಯಾಪಾರಗಳು ಅವರ ವಿಷಯ: ಅಣ್ಣತಮ್ಮಂದಿರ ಪಾತ್ರೆ ಅಂಗಡಿ, ಅಪ್ಪಮಕ್ಕಳ ಬಸ್ಸು, ಮಾವ ಅಳಿಯಂದಿರ ಹೋಟೆಲು. ನಾನು ಮೂರು ವರ್ಷ ಅವರ ಸಹಾಯಕನಾಗಿದ್ದೆ. ಅವರು ಕೇಳುವುದು, ನಾನು ಬರೆದುಕೊಳ್ಳುವುದು. ಮೊದಲ ದಿನ ನಾನು ಫೋನು ತೆಗೆದಾಗ ಹೇಳಿದರು:

"ಒಳಗಿಡು ಮಾರಾಯ. ರೆಕಾರ್ಡ್ ಆಗ್ತಾ ಉಂಟು ಅಂತ ಗೊತ್ತಾದರೆ ಜನ ಭಾಷಣ ಶುರು ಮಾಡ್ತಾರೆ."

ಲಾಭನಷ್ಟದ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಬೆಳಿಗ್ಗೆ ಬೀಗ ತೆಗೆಯುವುದು ಯಾರು? ಯಜಮಾನರು ಊರಲ್ಲಿಲ್ಲದಾಗ ಅವರ ಕುರ್ಚಿಯಲ್ಲಿ ಯಾರು ಕೂರ್ತಾರೆ? ಉಡುಪಿಯ ಪಾತ್ರೆ ಅಂಗಡಿಯೊಂದರಲ್ಲಿ ಈ ಪ್ರಶ್ನೆಗೆ ಮೂವರು ಅಣ್ಣತಮ್ಮಂದಿರು ಮೊದಲು ನಕ್ಕರು, ಆಮೇಲೆ ಮುಖ ಮುಖ ನೋಡಿಕೊಂಡರು.

"ಯಾರೂ ಕೂರುವುದಿಲ್ಲ ಮೇಡಮ್, ಪೇಪರ್ ಇಡ್ತೇವೆ" ಎಂದ ಕಿರಿಯವ.

"ಯಾವ ಪೇಪರು?"

"ಹಳೆಯದು."

ಬಸ್ಸಿನಲ್ಲಿ ವಾಪಸು ಬರುವಾಗ ಮೇಡಮ್ ಕಿಟಕಿಯ ಕಡೆ ತಿರುಗಿ ನಗುತ್ತಲೇ ಇದ್ದರು. "ಹಳೆಯ ಪೇಪರು ನಡೆಸುವ ಅಂಗಡಿ ಮಾರಾಯ!"

ಈ ವಿಷಯ ಯಾಕೆ ಹಿಡಿದಿರಿ ಎಂದು ಕೇಳಿದ್ದೆ. ಕಟಪಾಡಿಯಲ್ಲಿ ಅವರ ಅಪ್ಪ ಮತ್ತು ದೊಡ್ಡಪ್ಪ ಸೇರಿ ನಡೆಸುತ್ತಿದ್ದ ಜವಳಿ ಅಂಗಡಿಯ ನಡುವೆ ಒಂದು ಗೋಡೆ ಎದ್ದಿತಂತೆ. ಗಡಿಯಾರ ದೊಡ್ಡಪ್ಪನ ಕಡೆಗೆ ಹೋಯಿತು. ಅಪ್ಪ ಗಂಟೆ ಎಷ್ಟಾಯಿತೆಂದು ತಿಳಿಯಲು ರಸ್ತೆಗೆ ಇಳಿದು, ಗಿರಾಕಿಯ ಹಾಗೆ ಆ ಕಡೆ ಇಣುಕಿ ಬರುತ್ತಿದ್ದರು. ಮತ್ತೊಮ್ಮೆ ಇದನ್ನೇ ಹೇಳಿದಾಗ ಆಚೆ ಹೋದದ್ದು ಕನ್ನಡಿ ಎಂದರು. ನಾನು ತಿದ್ದಲಿಲ್ಲ. ನನಗೆ ಗಡಿಯಾರವೇ ಇಷ್ಟವಾಗಿತ್ತು.

ಯಾವ ಕುಟುಂಬದ ಬಗ್ಗೆ ಬರೆದರೂ ಊರು, ಕಸುಬು, ಮಕ್ಕಳ ಲೆಕ್ಕ ಎಲ್ಲವನ್ನೂ ಬದಲಾಯಿಸಬೇಕು. ಜಗಳ ಮಾತ್ರ ಹಾಗೇ ಇರಬೇಕು. ಇದು ಅವರ ಕಟ್ಟಳೆ. ನನ್ನ ಕರಡು ಓದಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಿದ್ದರು. "ಓದಲಿಕ್ಕೆ ಯಾವುದು ತುಂಬ ಚಂದ ಉಂಟೋ ಅದನ್ನು ಮೊದಲು ತೆಗಿ. ಗುರುತು ಸಿಗುವುದು ಅದರಿಂದಲೇ."

ಕಾರ್ಕಳದಲ್ಲಿ ಒಂದು ಗೇರುಬೀಜದ ಕಾರ್ಖಾನೆ. ಬೋರ್ಡಿನಲ್ಲಿ ತಮ್ಮನ ಹೆಸರು, ನಡೆಸುವವಳು ಅಕ್ಕ. ಬೀಜವನ್ನು ಅಂಗೈಯಲ್ಲಿ ಹಿಡಿದು ಯಾವ ದರ್ಜೆಯದೆಂದು ಹೇಳುವುದು, ಕೆಲಸದ ಹೆಂಗಸರನ್ನು ನೋಡಿಕೊಳ್ಳುವುದು, ಯಾವ ವ್ಯಾಪಾರಿಗೆ ಹೂಂ ಯಾವನಿಗೆ ಊಹೂಂ ಎನ್ನುವುದು, ಎಲ್ಲ ಅವಳೇ. ಆದರೆ ಆಫೀಸು ಕೋಣೆಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡುತ್ತಿದ್ದಳು. ಬೇರೆ ಎಲ್ಲರೂ ಮೆಟ್ಟಿಕೊಂಡೇ ಹೋಗುತ್ತಿದ್ದರು.

"ನೀವು ಯಾಕೆ ಹೊರಗೆ ಬಿಡುವುದು?" ಎಂದು ಮೇಡಮ್ ಕೇಳಿದರು.

"ಅದು ತಮ್ಮನ ಆಫೀಸು ಅಲ್ವಾ" ಎಂದಳು ಅಕ್ಕ. ಮತ್ತೆ ದನಿ ತಗ್ಗಿಸಿ, "ಬೋರ್ಡಿನಲ್ಲಿ ನನ್ನ ಹೆಸರೂ ಬೇಕು ಅಂತ ಉಂಟು ಮೇಡಮ್. ಆದರೆ ಅವನಾಗಿಯೇ ಹೇಳಬೇಕು. ನಾನು ಬಾಯಿಬಿಟ್ಟು ಕೇಳಿದರೆ ಮತ್ತೆ ಎಂತ ಉಳಿಯಿತು? ಇದು ಹೊರಗೆ ಹೋಗಬಾರದು."

"ಹೋಗುವುದಿಲ್ಲ" ಎಂದರು ಮೇಡಮ್. ನಾನು ಅದನ್ನೂ ಬರೆದುಕೊಂಡೆ.

ಆಮೇಲೆ ಸುಮಾರು ಒಂದು ವರ್ಷ ಮೇಡಮ್ ಆ ತಮ್ಮನ ಎದುರು ಕೂತು ಚಹಾ ಆರಿಸಿದರು. ಅಕ್ಕನ ಆಸೆಯ ಬಗ್ಗೆ ಒಂದಕ್ಷರ ಹೇಳಲಿಲ್ಲ, ಬರೇ ಕೇಳಿದರು. ಒಂದು ದಿನ ಅವನೇ ಹೇಳಿದ, "ಅಕ್ಕನಿಗೆ ಒಳಗೆ ಒಂದು ಕುರ್ಚಿ ಹಾಕಿಸ್ಬೇಕು, ಅಲ್ವಾ ಮೇಡಮ್?" ಅವತ್ತು ಮೇಡಮ್ ನನಗೆ ಗೋಳಿಬಜೆ ತಿನ್ನಿಸಿದರು, ಎರಡು ಪ್ಲೇಟು. "ಕುರ್ಚಿ ಬಂತು. ಹೆಸರು ಹಿಂದಿನಿಂದ ಬರ್ತದೆ, ನೋಡ್ತಾ ಇರು."

ನಾನು ನೋಡುತ್ತಾ ಇರಲಿಲ್ಲ. ಕಥೆ ಬರೆಯುತ್ತಿದ್ದೆ.

ಅವರು ಕಲಿಸಿದಂತೆ ಎಲ್ಲವನ್ನೂ ಬದಲಾಯಿಸಿದೆ. ಕಾರ್ಖಾನೆ ಹಂಚಿನದಾಯಿತು, ಊರು ಕುಂದಾಪುರವಾಯಿತು, ಅಕ್ಕ ಅತ್ತೆಯಾದಳು. ಚಪ್ಪಲಿ ಉಳಿಯಿತು. ಅದು ಚಂದವಿತ್ತು. ಮರೆತು ಉಳಿಸಿದ್ದಲ್ಲ, ಪೆನ್ಸಿಲ್ ಗೆರೆ ನನ್ನ ಕಣ್ಣ ಮುಂದೆಯೇ ಇತ್ತು. ಒಂದು ದೀಪಾವಳಿ ವಿಶೇಷಾಂಕದಲ್ಲಿ ಅದು ಅಚ್ಚಾಯಿತು, ಆಗ ಯಾರಿಗೂ ಗೊತ್ತಿರದ ನನ್ನ ಕಾವ್ಯನಾಮದಲ್ಲಿ. ವಾರದೊಳಗೆ ಆ ಪುಟಗಳ ಫೋಟೋ ವಾಟ್ಸಾಪಿನಲ್ಲಿ ಕಾರ್ಕಳ ಸುತ್ತಿತು.

ತಮ್ಮ ಫೋನು ಮಾಡಿದ. ಮೇಡಮ್ ಹೊರಟರು, ನನ್ನನ್ನೂ ಕರೆದುಕೊಂಡು ಹೋದರು. ಅಂದು ಚಹಾ ಬರಲಿಲ್ಲ.

"ಒಳಗೆ ಕೂರಿಸಿ ಮಾತಾಡಿದ್ದಕ್ಕೆ ಇದಾ ಮೇಡಮ್?" ಎಂದು ಫೋನನ್ನು ಅವರ ಮುಂದೆ ಹಿಡಿದ. "ಅಕ್ಕನ ಕಾರ್ಖಾನೆ ತಿಂದವ ಅಂತ ಪೇಟೆಯಲ್ಲಿ ನಗ್ತಾ ಇದ್ದಾರೆ. ಹೆಸರು ಹಾಕಿಸುವ ಅಂತಲೇ ಇದ್ದೆ. ಇನ್ನು ಹಾಕಿದರೆ ಕತೆಗೆ ಹೆದರಿ ಹಾಕಿದ ಅಂತಾರೆ. ಅಕ್ಕ ಈ ಕಡೆ ಬರ್ತಾನೇ ಇಲ್ಲ. ಹುಷಾರಿಲ್ಲ ಅಂತೆ."

"ತಪ್ಪು ನನ್ನದು" ಎಂದರು ಮೇಡಮ್. "ಟಿಪ್ಪಣಿಯ ಒಂದು ಹಾಳೆ ನನ್ನ ಬ್ಯಾಗಿನಿಂದ ಎಲ್ಲೋ ಬಿದ್ದಿದೆ. ಯಾರ ಕೈಗೆ ಸಿಕ್ಕಿತೋ."

ಆಗ ಅವರು ನನ್ನ ಕಡೆ ನೋಡಿದರೇ? ನೋಡಿದರು ಎಂದು ಒಮ್ಮೆ ಬರೆದಿದ್ದೇನೆ, ನೋಡಲಿಲ್ಲ ಎಂದು ಮತ್ತೊಮ್ಮೆ. ಎರಡೂ ಓದಲು ಚೆನ್ನಾಗಿವೆ. ಆದ್ದರಿಂದ ಎರಡನ್ನೂ ನಂಬುವುದಿಲ್ಲ. ನಾನು ಸುಮ್ಮನಿದ್ದೆ ಎಂಬುದು ಖಚಿತ. ವಾಪಸು ಬರುವಾಗ ಅವರು ಒಂದೇ ಮಾತು ಹೇಳಿದರು: "ಇನ್ನು ಆರು ತಿಂಗಳು ಸಾಕಿತ್ತು ಮಾರಾಯ."

ವಿಷಯ ಹರಡಿತು. ಈ ಊರುಗಳಲ್ಲಿ ವ್ಯಾಪಾರದವರೆಲ್ಲ ಒಬ್ಬರಿಗೊಬ್ಬರು ನೆಂಟರು, ಇಲ್ಲವೇ ನೆಂಟರ ಗೆಳೆಯರು. ಉಡುಪಿಯ ಪಾತ್ರೆ ಅಂಗಡಿಯವರು, ಉಚ್ಚಿಲದ ಮಂಜುಗಡ್ಡೆ ಕಾರ್ಖಾನೆಯವರು, ಎಲ್ಲರೂ ಬಹಳ ಮರ್ಯಾದೆಯಿಂದಲೇ ಹೇಳಿದರು, "ಮುಂದಿನ ತಿಂಗಳು ನೋಡುವ ಮೇಡಮ್." ನಿವೃತ್ತಿಯಾಗುವವರೆಗೂ ಮೇಡಮ್ ಹಳೆಯ ಕುಟುಂಬಗಳನ್ನೇ ಪಾಠ ಮಾಡಿದರು. ಕ್ಯಾಂಟೀನಿನಲ್ಲಿ ಒಬ್ಬ ಲೆಕ್ಚರರ್, "ಮೇಡಮಿನದ್ದು ಅದೇ ಹಳೆಯ ಪೇಪರು" ಎಂದಾಗ ಟೇಬಲ್ಲಿನವರೆಲ್ಲ ನಕ್ಕರು. ಆ ತಮಾಷೆಯನ್ನು ಅವನಿಗೆ ಮುಟ್ಟಿಸಿದವನು ನಾನೇ. ನಾನೂ ನಕ್ಕೆ.

ಕಳೆದ ವರ್ಷ ಮೇಡಮ್ ಕಾಪುವಿನ ಸ್ವಂತ ಮನೆಯಲ್ಲಿ ತೀರಿಕೊಂಡರು. ತಿಂಗಳ ನಂತರ ಅವರ ತಂಗಿಯ ಮಗಳು ಫೋನು ಮಾಡಿದಳು. "ನಿಮ್ಮ ಅಕ್ಷರದ ನೋಟ್‌ಬುಕ್ಕುಗಳು ಒಂದು ಚೀಲ ಉಂಟು. ಬಿಸಾಡುವ ಮೊದಲು ಕೇಳುವ ಅಂತ."

ಹೋಗಿ ತಂದೆ. ಕಾರ್ಕಳದ ಪುಸ್ತಕದಲ್ಲಿ ಅಕ್ಕ ಬೋರ್ಡಿನ ಮಾತು ಹೇಳಿದ ದಿನದ ಹಾಳೆ ಇಲ್ಲ. ಹೊಲಿಗೆಯ ಹತ್ತಿರ ಒಂದು ಕಿರಿದಾದ ಅಂಚು ಮಾತ್ರ ಉಳಿದಿದೆ, ಅದರ ಮೇಲೆ ನನ್ನ ಅಕ್ಷರದ ತುದಿಗಳು. ಕಥೆ ಬರೆಯಲು ನಾನೇ ಹರಿದುಕೊಂಡಿದ್ದೆನೇ? ಹಾಗಾದರೆ ಕಾರ್ಕಳಕ್ಕೆ ಹೊರಡುವ ಮೊದಲೇ ಅವರು ಪುಸ್ತಕ ತೆರೆದು, ಹಾಳೆ ಇಲ್ಲದ್ದನ್ನು ಕಂಡು, ಎಲ್ಲ ಅರ್ಥವಾಗಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿದ್ದರು. ಅಥವಾ ತಾವು ಹೇಳಿದ ಸುಳ್ಳಿಗೆ ಸರಿಯಾಗಲೆಂದು ಆಮೇಲೆ ಅವರೇ ಹರಿದರೇ?

ಮೇಲೆ ಬರೆದ ಚಪ್ಪಲಿ ನಿಜದಲ್ಲಿ ಚಪ್ಪಲಿಯಲ್ಲ. ಈ ಸಲ ಅದನ್ನೂ ಬದಲಾಯಿಸಿದ್ದೇನೆ.

ಹಾಳೆ ಹರಿದವರು ಯಾರೆಂದು ನನಗೆ ನೆನಪಿಲ್ಲ. ಆ ಬೋರ್ಡಿನಲ್ಲಿ ಈಗ ಯಾರ ಹೆಸರಿದೆ ಎಂಬುದೂ ಗೊತ್ತಿಲ್ಲ. ಬಸ್ಸಿನಲ್ಲಿ ಹೋದರೆ ಒಂದು ಗಂಟೆಯ ದಾರಿ. ನಾನು ಹೋಗಿ ನೋಡಿಲ್ಲ.