ಜೋನಿ ಬೆಲ್ಲವಿಲ್ಲದ ಚಕ್ಕೋತ

ಇದನ್ನು ಬರೆಯಬೇಕೆಂದು ಹೋದ ಬೇಸಿಗೆಯಿಂದ ಅಂದುಕೊಳ್ಳುತ್ತಿದ್ದೇನೆ. ಪೆನ್ನು ಹಿಡಿದಾಗೆಲ್ಲ ಬೇರೆ ಏನೋ ಕೆಲಸ ನೆನಪಾಗುತ್ತಿತ್ತು. ಮೊದಲಾಗಿದ್ದರೆ ಕಣ್ಣು ಕಾಣುವುದಿಲ್ಲ ಎಂದು ನೆಪ ಹೇಳಬಹುದಿತ್ತು. ಈಗ ಕಣ್ಣು ಚೆನ್ನಾಗಿಯೇ ಕಾಣುತ್ತದೆ.

ನಮ್ಮ ಊರು ಹೊನ್ನಾವರದ ಹತ್ತಿರದ ಮಂಕಿ. ದೋಣಿಯಲ್ಲಿ ದುಡಿದವನು ನಾನು. ವಯಸ್ಸಾದ ಮೇಲೆ ದಡದಲ್ಲಿ ಕೂತು ಹರಿದ ಬಲೆ ಸರಿಮಾಡಿಕೊಡುತ್ತಿದ್ದೆ. ಕಣ್ಣಿಗೆ ಪೊರೆ ಬಂದು ಬಲೆಯ ಎಳೆಗಳು ಒಂದರೊಳಗೊಂದು ಕಲಸಿಹೋದವು. ಕುಮಟೆಯ ಕಣ್ಣಿನ ಡಾಕ್ಟರು, "ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ, ಆಮೇಲೆ ಆಪರೇಶನ್" ಎಂದು ವಾಪಸು ಕಳಿಸಿದರು.

ನನ್ನ ಸಕ್ಕರೆ ಕಾಯಿಲೆ ನೋಡುವವರು ಹೊನ್ನಾವರದ ಡಾಕ್ಟರು. ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ, ಊಟಕ್ಕೆ ಮೊದಲು ಒಂದು ಬಟ್ಟಲು ಹಸಿ ಕೋಸಂಬರಿ ತಿನ್ನಿ ಎಂದರು. ಹೆಂಡತಿ ಜೊತೆಗಿದ್ದಳು. ಹಿತ್ತಲಿನ ಚಕ್ಕೋತ ಹಾಕಬಹುದೇ ಎಂದು ಅವಳೇ ಕೇಳಿದಳು. ಕೆಲವು ಮಾತ್ರೆಗಳಿಗೆ ಚಕ್ಕೋತ ಆಗುವುದಿಲ್ಲವೆಂದು ಡಾಕ್ಟರು ನನ್ನ ಮಾತ್ರೆಗಳನ್ನೆಲ್ಲ ನೋಡಿದರು. "ನಿಮಗೆ ತೊಂದರೆಯಿಲ್ಲ. ಸ್ವಲ್ಪ ತೊಳೆ ತಿನ್ನಿ. ರಸ ಹಿಂಡಬೇಡಿ, ಸಿಹಿ ಬೆರೆಸಬೇಡಿ."

ನಮ್ಮ ಕಡೆಯವರಿಗೆ ಜೋನಿ ಬೆಲ್ಲ ಸಿಹಿಯ ಲೆಕ್ಕಕ್ಕೇ ಬರುವುದಿಲ್ಲ. ಜೇನಿನ ಹಾಗೆ ಸುರಿಯುವ ಈ ನೀರು ಬೆಲ್ಲ ದೋಸೆಗೂ ಬೇಕು, ಹುಳಿ ಹಣ್ಣಿಗೂ ಬೇಕು. ಅದಿಲ್ಲದೆ ಚಕ್ಕೋತ ತಿಂದವರನ್ನು ನಾನು ನೋಡಿರಲಿಲ್ಲ.

"ಥೋ, ಇದ್ನ ದನವೂ ಮೂಸೂದಿಲ್ಲ" ಎಂದೆ ಮೊದಲ ದಿನ.

"ದನಕ್ಕೆ ಸಕ್ರೆ ಕಾಯಿಲೆ ಇಲ್ಲ. ಸುಮ್ನೆ ತಿನ್ರಿ" ಎಂದಳು ಅವಳು.

ಬಟ್ಟಲು ಹಿಡಿದುಕೊಂಡು ಬಲೆ ಇಡುವ ಚಪ್ಪರಕ್ಕೆ ಹೋಗುತ್ತಿದ್ದೆ. ಬಲೆಯ ರಾಶಿಯ ಹಿಂದೆ ಜೋನಿ ಬೆಲ್ಲದ ಬಾಟಲಿ ಬಚ್ಚಿಟ್ಟಿದ್ದೆ. ದಿನಾ ಧಾರಾಳವಾಗಿ ಸುರಿದುಕೊಂಡೆ.

ಮುಂದಿನ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇಳಿಯುವ ಬದಲು ಏರಿತ್ತು. ಡಾಕ್ಟರು ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು. "ಇವ್ಳು ಆ ಚಕ್ಕೋತಕ್ಕೆ ಎಂತೆಂತ ಹಾಕ್ತಾಳೋ ನಂಗೆ ಗೊತ್ತಿಲ್ಲ ಡಾಕ್ಟ್ರೆ" ಎಂದುಬಿಟ್ಟೆ. ಬಾಗಿಲಲ್ಲಿ ಸರದಿಗೆ ನಿಂತಿದ್ದವರೆಲ್ಲ ಕೇಳುವ ಹಾಗೆ ಅವರು ಅವಳಿಗೆ ಬೈದರು: ಗಂಡನ ಕಣ್ಣು ಹೋದರೆ ನೀವೇ ಹೊಣೆ, ಗೊತ್ತಾಯಿತಾ? ಅವಳು ಸೆರಗು ಸರಿಮಾಡಿಕೊಂಡು "ಆತು" ಎಂದಳು. ಅಷ್ಟೇ.

ವಾಪಸು ಬರುವಾಗ ಟೆಂಪೋದಲ್ಲಿ, ಊರು ಹತ್ತಿರ ಬಂದಾಗ ಕೇಳಿದಳು, "ಬಲೆ ರಾಶಿ ಹಿಂದೆ ಇರುವೆ ಎಂತಕ್ಕೆ ಸಾಲು ಕಟ್ಟಿದ್ದು?"

ಅವಳಿಗೆ ಮೊದಲೇ ಗೊತ್ತಿತ್ತು. ಡಾಕ್ಟರ ಎದುರು ನನ್ನ ಮಾನ ಉಳಿಸಿದ್ದಳು. ನಾನು ಕಿಟಕಿಯ ಹೊರಗೆ ನೋಡಿದೆ.

"ನಾಳೆಯಿಂದ ನಾ ಮಾಡೂದಿಲ್ಲ. ನೀವೇ ಮಾಡ್ಕಳ್ಳಿ. ದೋಣಿ ಮೇಲೆ ಊರಿಗೆಲ್ಲ ಬೇಯ್ಸಿ ಹಾಕ್ದವ್ರಲ್ವಾ!"

ಅದು ನಿಜ. ಸಮುದ್ರದಲ್ಲಿ ಅಡುಗೆ ನನ್ನದೇ. ಮನೆಯ ಅಡುಗೆಮನೆಯಲ್ಲಿ ಮಾತ್ರ ಒಂದು ದಿನವೂ ಚೂರಿ ಹಿಡಿದವನಲ್ಲ.

ಮರುದಿನ ಬಾಟಲಿಯನ್ನು ತಂದು ಅವಳ ಎದುರಿಗಿಟ್ಟೆ, ಹಣ್ಣು ಹಿಡಿದು ಕೂತೆ. ದಪ್ಪ ಸಿಪ್ಪೆ ತೆಗೆದು, ತೊಳೆ ಬಿಡಿಸಿ, ಅದರ ಕಹಿ ಪೊರೆ ಸುಲಿಯಬೇಕು. ಎಳೆದರೆ ಒಳಗಿನದು ಒಡೆದು ರಸವೆಲ್ಲ ಸೋರುತ್ತದೆ. ನನಗೆ ಕಾಣುತ್ತಿರಲಿಲ್ಲ, ಆದರೆ ಬೆರಳಿಗೆ ಗೊತ್ತಾಯಿತು. ಬಲೆಗೆ ಸಿಕ್ಕಿದ ಮೀನನ್ನು ಬಲೆಯೂ ಹರಿಯದಂತೆ, ಮೀನೂ ನಜ್ಜುಗುಜ್ಜಾಗದಂತೆ ಬಿಡಿಸುವ ಕೆಲಸವೇ ಇದು! ಒಂದೊಂದೇ ತೊಳೆ ಇಡಿಯಾಗಿ ಬಟ್ಟಲಿಗೆ ಬಿತ್ತು. ಅವಳು ಬಗ್ಗಿ ನೋಡಿ, "ಅಯ್ಯ, ನಂಗೂ ಹೀಗೆ ಬರೂದಿಲ್ಲ" ಎಂದಳು.

ಹೆಚ್ಚಿದ ಮುಳ್ಳುಸೌತೆ, ನೆನೆಸಿದ ಹೆಸರುಬೇಳೆ, ಶುಂಠಿ, ಕೊತ್ತಂಬರಿ ಸೊಪ್ಪು, ಒಂದು ಚಿಟಿಕೆ ತೆಂಗಿನ ತುರಿ. ಮೇಲೆ ಕಾಳುಮೆಣಸಿನ ಪುಡಿ, ಉಪ್ಪು. ಬೆಲ್ಲವಿಲ್ಲದೆ ಮೊದಲ ವಾರ ಮುಖ ಕಿವುಚಿಕೊಂಡೇ ನುಂಗಿದೆ. ಆಮೇಲೊಂದು ದಿನ ಚಕ್ಕೋತದೊಳಗೇ ಒಂದು ತೆಳು ಸಿಹಿ ಇದೆಯೆಂದು ನಾಲಿಗೆಗೆ ತಿಳಿಯಿತು. ಇಷ್ಟು ವರ್ಷ ನಾನು ತಿಂದದ್ದು ಬರೀ ಬೆಲ್ಲ!

ಮಾತ್ರೆ, ನಡಿಗೆ ಯಾವುದನ್ನೂ ತಪ್ಪಿಸಲಿಲ್ಲ. ಅನ್ನ ಕಡಿಮೆಯಾಯಿತು. ಚಳಿಗಾಲ ಮುಗಿಯುವ ಹೊತ್ತಿಗೆ ಹೊನ್ನಾವರದ ಡಾಕ್ಟರು ರಿಪೋರ್ಟನ್ನು ಎರಡು ಸಲ ಓದಿದರು. "ಇನ್ನು ಧೈರ್ಯವಾಗಿ ಕುಮಟೆಗೆ ಹೋಗಿ." ನಂತರ ಅವಳ ಕಡೆ ತಿರುಗಿ, "ಈ ಸಲ ಸರಿಯಾಗಿ ಮಾಡಿ ಹಾಕಿದ್ದೀರಿ" ಎಂದರು.

"ನಾ ಎಂತದೂ ಮಾಡ್ಲಿಲ್ಲ ಡಾಕ್ಟ್ರೆ. ಎಲ್ಲ ಅವ್ರೇ ಮಾಡ್ಕಂಡದ್ದು" ಎಂದಳು ಅವಳು, ಹೊರಗೆ ನಿಂತವರಿಗೂ ಕೇಳುವ ಹಾಗೆ.

ಅದೇ ಬಾಗಿಲು, ಹಾಗೇ ಸರದಿಗೆ ನಿಂತ ಜನ. ಈಗಲಾದರೂ ಬಾಟಲಿಯ ವಿಷಯ ಹೇಳಬೇಕಿತ್ತು. ನಾನು ಗೆದ್ದವನ ಹಾಗೆ ನಗುತ್ತ ಎದ್ದುಬಂದೆ.

ಆಪರೇಶನ್ ಆಯಿತು. ಪಟ್ಟಿ ಬಿಚ್ಚಿ ಕೆಲವು ವಾರಗಳಾದ ಮೇಲೆ ಚಪ್ಪರದಲ್ಲಿ ಕೂತು ಬಲೆಯ ಸೂಜಿಗೆ ನೂಲು ಸುತ್ತಿದೆ. ಒಂದೊಂದು ಗಂಟೂ ಬೇರೆ ಬೇರೆಯಾಗಿ ಕಂಡಿತು. ಸಂತೋಷಕ್ಕೆ ಕೂಗಿಯೇಬಿಟ್ಟೆ. ಅವಳು ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಓಡಿಬಂದಳು, "ಎಂತ ಆತು?"

"ಕಾಣ್ತದೆ ಮಾರಾಯ್ತಿ, ಎಲ್ಲಾ ಕಾಣ್ತದೆ!"

ದೋಣಿಯಲ್ಲಿ ಯಾರೊಡನೆ ಜಗಳವಾಡಿದರೂ ಅವರ ಕ್ಷಮೆಯನ್ನು ದಡ ಮುಟ್ಟುವ ಮೊದಲೇ ಕೇಳಿದವನು ನಾನು. ಕೇಳದೆ ಉಳಿದದ್ದು ಒಬ್ಬಳದು ಮಾತ್ರ. ಈ ಹಾಳೆಯನ್ನು ಮೊದಲು ಓದುವವಳೂ ಅವಳೇ, ನನ್ನ ಹೆಂಡತಿ.