ಹಕ್ಕಿ ಬಂದೂಕು ಮತ್ತು ಅತ್ತೆಯ ಕುಡುಗೋಲು

ನಮ್ಮ ಅತ್ತೆ ಕುಡುಗೋಲನ್ನು ಯಾರ ಕೈಗೂ ಕೊಡುವುದಿಲ್ಲ. ಕೇಳಿದವರ ಮುಂದೆ ನೆಲಕ್ಕಿಡುತ್ತಾರೆ, ಅವರೇ ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಕೊಟ್ಟರೆ ಜಗಳ ಹತ್ತುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲರಿಗೂ ಇದೆ. ಆದರೆ ಬೇರೆಯವರು ಇಟ್ಟು ಒಳಗೆ ಹೋಗುತ್ತಾರೆ, ಅತ್ತೆ ಇಟ್ಟು ಅಲ್ಲೇ ನಿಲ್ಲುತ್ತಾರೆ. "ಎದಕ್ಕ ಬೇಕಾಗಿತ್ತು? ಯಾವ ಹೊಲಕ್ಕ ಹೊಂಟೀರಿ?" ಎಂದು ವಿಚಾರಣೆ ಶುರುವಾಗುತ್ತದೆ. ಒಮ್ಮೆ ಪಕ್ಕದ ಮನೆಯಾಕೆ ಗಂಡನ ಜೊತೆ ಜಗಳಾಡಿ, ಕೆಂಪು ಕಣ್ಣು ಮಾಡಿಕೊಂಡು ಬಂದು ಕುಡುಗೋಲು ಕೇಳಿದಳು. ಅತ್ತೆ ನೆಲಕ್ಕಿಟ್ಟಿದ್ದನ್ನು ತಾವೇ ಎತ್ತಿಕೊಂಡು, "ನಡಿ, ನಾನೇ ಹುಲ್ಲು ಕೊಯ್ದು ಕೊಡ್ತೀನಿ" ಎಂದು ಅವಳ ಬೆನ್ನಿಗೆ ಹೋದರು. ಮದುವೆಯಾದ ಹೊಸದರಲ್ಲಿ ಇದನ್ನೆಲ್ಲ ನೋಡಿ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ನಾವಿರುವುದು ಹುಮನಾಬಾದಿನಲ್ಲಿ. ನಾನು ದಿನಾ ಬಸ್ಸು ಹಿಡಿದು ಬಸವಕಲ್ಯಾಣಕ್ಕೆ ಹೋಗಿ, ಅಲ್ಲಿಯ ಶಾಲೆಯಲ್ಲಿ ಪಾಠ ಮಾಡಿ ಬರುತ್ತೇನೆ. ನಮ್ಮವರದು ರಿಪೇರಿ ಅಂಗಡಿ. ಮಿಕ್ಸರ್, ಹೊಲಿಗೆ ಯಂತ್ರ, ಔಷಧ ಹೊಡೆಯುವ ಪಂಪು, ಏನು ತಂದರೂ ಬೇಡವೆನ್ನುವುದಿಲ್ಲ. ಕೆಲವು ವರ್ಷಗಳ ಹಿಂದೆ ಪ್ಲಾಸ್ಟಿಕ್ ದಾರ ಕರಗಿಸಿ ಪದರ ಪದರವಾಗಿ ಸಾಮಾನು ಮಾಡುವ ತ್ರೀಡಿ ಪ್ರಿಂಟರ್ ತಂದರು. ಬದಲಿ ಎಲ್ಲೂ ಸಿಗದ, ಮುರಿದ ಹಲ್ಲುಗಾಲಿಯನ್ನು ಅಳೆದು, ಕಂಪ್ಯೂಟರಿನಲ್ಲಿ ನಕ್ಷೆ ಬರೆದು, ಹೊಸದು ಮಾಡಿಕೊಡುತ್ತಾರೆ. ಆಮೇಲೆ ಆ ನಕ್ಷೆಯನ್ನು ಯಾವುದೋ ಹೊರದೇಶದ ಜಾಲತಾಣದಲ್ಲಿ ಪುಕ್ಕಟೆ ಹಾಕಿಬಿಡುತ್ತಾರೆ. "ಯಾರೋ ಪುಣ್ಯಾತ್ಮ ಹಾಕಿದ್ದು ನಾ ತಗೋತೀನಿ, ನಾ ಹಾಕಿದ್ದು ಇನ್ನೊಬ್ಬ ತಗೋಲಿ" ಎನ್ನುತ್ತಾರೆ. ವ್ಯಾಪಾರ ಬರದ ಮನುಷ್ಯ ಎಂದು ನಾನು ರೇಗುತ್ತೇನೆ. ಆದರೆ ಅವರ ಈ ಗುಣಕ್ಕೇ ನಾನು ಮರುಳಾಗಿದ್ದು, ಅದು ಅವರಿಗೂ ಗೊತ್ತು.

ಆ ವರ್ಷ ಹುಡಗಿ ಎಂಬ ಊರಿನ ನಮ್ಮ ಹೊಲದಲ್ಲಿ ಜೋಳದ ತೆನೆ ಹಾಲುಗಾಳು ಕಟ್ಟಿತ್ತು. ಹಕ್ಕಿಗಳ ದಂಡು ಬಂದು ಕೂರುತ್ತಿತ್ತು. ಕವಣೆ ಬೀಸಿ ಬೀಸಿ ಅತ್ತೆಯ ಹೆಗಲು ಕೈಕೊಟ್ಟಿತು. ಆಳು ಇಡೋಣವೆಂದರೆ ಕೇಳಲಿಲ್ಲ. ಆಗ ನಮ್ಮವರು ಕುಳಿತು, ಪ್ರಿಂಟರಿನಲ್ಲಿ ಮಾಡಿದ ಭಾಗಗಳನ್ನು ಪೈಪಿಗೆ ಜೋಡಿಸಿ ಒಂದು ಹಕ್ಕಿ ಬಂದೂಕು ಮಾಡಿದರು. ಗುಂಡಿಲ್ಲ, ಏನಿಲ್ಲ, ಸದ್ದು ಮಾತ್ರ. ಮೊದಲ ಸಲ ಢಂ ಎಂದಾಗ ಹಕ್ಕಿಗಳು ಹಾರಿದವು, ನಾನು ಬದುವಿನ ಮೇಲೆ ಕುಸಿದು ಕೂತೆ, ಅತ್ತೆ ಚಪ್ಪಾಳೆ ತಟ್ಟಿದರು.

"ಇನ್ನೊಮ್ಮಿ ಹೊಡಿಯೋ ತಮ್ಮಾ!" ಎಂದರು ಮಗನಿಗೆ.

"ಹಕ್ಕಿ ಹೋದ್ವಲ್ಲವ್ವಾ."

"ಹೋಗ್ಲಿ ಬಿಡು, ನೀ ಹೊಡಿ."

ಅತ್ತೆ ಸೆರಗು ಸಿಕ್ಕಿಸಿ, ಬಂದೂಕು ಹೆಗಲಿಗೇರಿಸಿ ನಿಂತ ಫೋಟೋದ ಜೊತೆಗೆ ನಮ್ಮವರು ಅದರ ನಕ್ಷೆಯನ್ನೂ ತಾಣಕ್ಕೆ ಹಾಕಿದರು. ಕೆಳಗೆ ಅಂಗಡಿಯ ಫೋನ್ ನಂಬರ್ ಬರೆದರು. ಎಲ್ಲೆಲ್ಲಿಯ ಜನರೋ ಇಳಿಸಿಕೊಂಡರು, ಹೊಗಳಿದರು. ಅತ್ತೆಗೆ ಖುಷಿಯೋ ಖುಷಿ. ಆದರೂ ವಿಚಾರಣೆ ಬಿಡಬೇಕಲ್ಲ.

"ಅಷ್ಟು ಮಂದಿ ತಗೊಂಡು ಹೋದ್ರಾ? ಯಾರ್ಯಾರು?"

"ಅದು ಹ್ಯಾಂಗ ಗೊತ್ತಾಗ್ತದವ್ವಾ?"

"ಗೊತ್ತಿಲ್ದೆ ಕೊಟ್ಟಿ ಹ್ಯಾಂಗ?"

"ನಾ ಎಲ್ಲಿ ಕೊಟ್ಟೀನಿ? ಇಟ್ಟೀನಿ. ಬೇಕಾದವ್ರು ಎತ್ಗೋತಾರ. ನೀನೇ ಕಲಿಸಿದ್ದು!"

ಅತ್ತೆ ಮಗನ ಬೆನ್ನಿಗೆ ಒಂದು ಗುದ್ದು ಹಾಕಿ ನಕ್ಕರು.

ಆ ವಾರವೇ ಪಕ್ಕದ ಹೊಲದವರು ಬಂದೂಕು ಕೇಳಿದರು. ಅತ್ತೆ ಬದುವಿನ ಮೇಲಿಟ್ಟರು, ಅವರು ಎತ್ತಿಕೊಂಡರು, ಅತ್ತೆ ಅವರ ಬೆನ್ನಿಗೆ ಹೊರಟರು. ಸಂಜೆತನಕ ಆ ಹೊಲದಲ್ಲೇ ಕೂತು ಅವರು ಕೊಟ್ಟ ಚಹಾ ಕುಡಿದು, ಬಂದೂಕಿನ ಜೊತೆಯೇ ವಾಪಸಾದರು. ಅಷ್ಟರಲ್ಲಿ ಹಕ್ಕಿಗಳು ನಮ್ಮ ಹೊಲಕ್ಕೆ ಬಂದು ಹೊಟ್ಟೆ ತುಂಬ ತಿಂದಿದ್ದವು. ನಾನು ಅದನ್ನು ಬಂದೂಕಿನ ಮೆರವಣಿಗೆ ಎಂದು ಕರೆದು ಅತ್ತೆಯನ್ನು ಕಾಡಿಸಿದೆ.

ಕೆಲವು ದಿನಗಳಾದ ಮೇಲೆ ತಾಣದವರು ನಕ್ಷೆಯನ್ನು ತೆಗೆದುಹಾಕಿದರು. ಪ್ರಿಂಟ್ ಮಾಡಬಹುದಾದ ಬಂದೂಕುಗಳ ನಕ್ಷೆ ಹಂಚುವುದನ್ನು ಕೆಲವು ದೇಶ, ರಾಜ್ಯಗಳ ಕಾನೂನು ನಿರ್ಬಂಧಿಸಿದೆ, ಆದ್ದರಿಂದ ಇಂಥ ಯಾವುದನ್ನೂ ಇಡುವುದಿಲ್ಲ ಎಂದು ಪತ್ರ ಬಂತು. ನಮ್ಮ ದೇಶದಲ್ಲಿ ಲೈಸೆನ್ಸಿಲ್ಲದೆ ಬಂದೂಕು ಮಾಡುವುದು ಅಪರಾಧವೆಂದು ನನಗೆ ಗೊತ್ತಿತ್ತು, ಆದರೆ ನಮ್ಮದು ಬರೀ ಸದ್ದಿನದೆಂದು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಬರೀ ನಕ್ಷೆ ಹಂಚುವುದೂ ತಪ್ಪಾಗಬಹುದೆಂದು ಕೇಳಿದ್ದು ಆಗಲೇ.

ನಮ್ಮವರು ಕೆಂಡವಾದರು. "ಅಲ್ಲಿ ಕೂತವರಿಗೆ ಹುಡಗಿ ಹೊಲದ ಹಕ್ಕಿ ಏನ್ ಗೊತ್ತದ? ಗೆರಿ ಎಳದ್ರ ಯಾರರ ಸಾಯ್ತಾರಾ? ಮಾಡಬಾರದ್ದು ಮಾಡೋರು ಹ್ಯಾಂಗರ ಮಾಡೇ ಮಾಡ್ತಾರ. ಕೈ ಕಟ್ಟಿದ್ದು ರೈತರದ್ದು!" ನನಗೂ ಸಿಟ್ಟು ಬಂದಿತ್ತು. ಅತ್ತೆ ಹೆಗಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ದಿನಾ ನೋಡಿದವಳು ನಾನು. ಅಂಥ ಹೆಗಲುಗಳು ಎಷ್ಟು ಊರಲ್ಲಿಲ್ಲ?

ಬಂದೂಕು ಎಂಬ ಹೆಸರು ತೆಗೆದು, 'ಪೈಪಿನ ಮುಚ್ಚಳ' ಎಂದು ಬರೆದು ಇನ್ನೊಂದು ತಾಣಕ್ಕೆ ಹಾಕುವುದೆಂದು ಅವರು ನಿಶ್ಚಯಿಸಿದರು. ಭಾನುವಾರ ಮಧ್ಯಾಹ್ನ ನಾನೂ ಅತ್ತೆಯೂ ಬುತ್ತಿ ತೆಗೆದುಕೊಂಡು ಅಂಗಡಿಗೆ ಹೋದಾಗ ಎಲ್ಲ ತಯಾರಾಗಿತ್ತು, ಒಂದು ಗುಂಡಿ ಒತ್ತುವುದಷ್ಟೇ ಬಾಕಿ. ಆಗ ಫೋನಿಗೆ ಒಂದು ಸಂದೇಶ ಬಂತು. ತಾಣದವರು ನಕ್ಷೆ ತೆಗೆಯುವ ಮೊದಲೇ ಇಳಿಸಿಕೊಂಡಿದ್ದ ಯಾರೋ ಬರೆದದ್ದು. ಮತ್ತೊಬ್ಬ ಹೊಗಳಿದ ಎಂಬ ಹುರುಪಿನಲ್ಲಿ ನಮ್ಮವರು ಜೋರಾಗಿ ಓದತೊಡಗಿದರು: ಬಹಳ ಚಂದ ಮಾಡಿದ್ದೀರಿ, ಸದ್ದು ಚೆನ್ನಾಗಿ ಬರುತ್ತದೆ, ಇದರಲ್ಲಿ ಛರ್ರಾ ತುಂಬಿ ಹೊಡೆಯುವ ಹಾಗೆ ಬದಲಿಸಿಕೊಡುತ್ತೀರಾ...

ಅಲ್ಲಿಗೆ ಅವರು ಫೋನು ಕೆಳಗಿಟ್ಟರು. ಛರ್ರಾ ಅಂದರೆ ಸೀಸದ ಕಾಳು. ಅದನ್ನು ಅತ್ತೆಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಯಾರಂತ?" ಅತ್ತೆ ಕೇಳಿದರು.

"ಹೆಸರು ಬರ್ದಿಲ್ಲ."

"ಯಾವ ಊರವ್ರು?"

"ಗೊತ್ತಿಲ್ಲವ್ವಾ."

"ಹಂದಿ ಕಾಟಕ್ಕ ಕೇಳ್ಯಾರೇನೋ ರೀ," ಎಂದೆ ನಾನು. ನನ್ನ ಮಾತು ನನಗೇ ಸಮಾಧಾನ ತರಲಿಲ್ಲ.

"ಇರಬಹುದು," ಎಂದರು ನಮ್ಮವರು.

ಅತ್ತೆ ಬೈಯಲಿಲ್ಲ. ನಾನು ಆವತ್ತೇ ಕೇಳಿದ್ದೆನಲ್ಲ ಎಂದೂ ಅನ್ನಲಿಲ್ಲ. ನೆಲದ ಮೇಲೆ ಕೂತು ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕಿದರು. ನಮ್ಮವರು ಕಂಪ್ಯೂಟರನ್ನೇ ನೋಡುತ್ತಿದ್ದರು. ಅಲ್ಲಿ, ಹೆಸರು ಬದಲಿಸಿದರೂ ತೆಗೆಯಲು ಮನಸ್ಸಾಗದ ಅತ್ತೆಯ ಫೋಟೋ ಇತ್ತು, ಹೆಗಲ ಮೇಲೆ ಬಂದೂಕು, ಮುಖದ ತುಂಬ ನಗು. ಕೆಳಗೆ ಆ ಗುಂಡಿ.

ನಮ್ಮವರು ಗುಂಡಿ ಒತ್ತದೆ ಆ ಪುಟವನ್ನು ಮುಚ್ಚಿದರು.

"ನೀ ಬಂದೂಕಿನ ಬೆನ್ನಿಗೆ ಬದುವು ದಾಟಿ ಹೋಗಿ ಕುಂತಿದ್ದಿ," ಎಂದರು ತಾಯಿಗೆ. "ಈ ನಕ್ಷೆ ಬೆನ್ನಿಗೆ ನಾ ಎಲ್ಲೀತನ ಹೋಗ್ಲಿ ಅವ್ವಾ?"

ಅತ್ತೆ ರೊಟ್ಟಿ ಮಡಚಿ, ತಟ್ಟೆಯಲ್ಲಿಡದೆ, ಮಗನ ಕೈಯಲ್ಲೇ ಕೊಟ್ಟರು.